ಮುಪ್ಪಿಗೆಂದು ಕಟ್ಟಿದ ಗಂಟು

2025ರ ಆಗಸ್ಟ್‌ನ ಒಂದು ಸಂಜೆ ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ, ಸೂರಿನಿಂದ ಅಂಗೈಯಗಲದ ಕಾಂಕ್ರೀಟ್ ಚಕ್ಕೆಯೊಂದು ಕಳಚಿ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ತಲೆಯೆತ್ತಿ ನೋಡಿದರೆ ತುಕ್ಕು ತಿಂದ ಕಂಬಿ ಹಲ್ಲು ಕಿರಿದಂತೆ ಕಾಣುತ್ತಿತ್ತು. ಮೇಸ್ತ್ರಿ ಬಂದು ಕೋಲಿನಿಂದ ಅಲ್ಲಲ್ಲಿ ತಟ್ಟಿ ನೋಡಿ, "ತೇಪೆ ಹಾಕಿದ್ರೆ ಎರಡು ಮಳೆಗಾಲ ಬರುತ್ತೆ ಸಾರ್, ಅಷ್ಟೇ" ಎಂದ. ಪೂರ್ತಿ ಮಾಡಿಸಿದರೆ ಎಷ್ಟಾಗಬಹುದೆಂದು ಅವನು ಹೇಳಿದ ಮೊತ್ತ ನನ್ನ ಉಳಿತಾಯ ಖಾತೆಯಲ್ಲಿ ಯಾವ ಕಾಲದಲ್ಲೂ ಇದ್ದದ್ದಲ್ಲ. ಖಾಸಗಿ ಕಾಲೇಜಿನ ಮೇಷ್ಟ್ರು ನಾನು. ಇದ್ದದ್ದು ಒಂದೇ ಗಂಟು, ಪಿಎಫ್. ಅದರಿಂದ ಮುಂಗಡ ಕೇಳುವ ಫಾರಂ 31 ಈಗ ಮೊಬೈಲಿನಲ್ಲೇ ತುಂಬಬಹುದು. ಕಾರಣಗಳ ಪಟ್ಟಿಯಲ್ಲಿ 'ಮನೆ ದುರಸ್ತಿ' ಎಂಬುದನ್ನು ಆರಿಸಿ, ಒಟಿಪಿ ಒತ್ತಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆ. "ಅದಕ್ಕೂ ಕೈ ಹಾಕ್ಬಿಟ್ರಾ?" ಎಂದಳು ಹೆಂಡತಿ. ನನಗೆ ಐವತ್ತೊಂದು. ನಿವೃತ್ತಿಗೆ ಇನ್ನು ಏಳು ವರ್ಷ.

ಮನೆಯ ಖಾತೆಯ ಕಾಗದಕ್ಕೆಂದು ಅಜ್ಜನ ತಗಡಿನ ಪೆಟ್ಟಿಗೆ ತೆಗೆದಾಗ ಸಿಕ್ಕಿದ್ದು ಬೇರೆ ಕಾಗದ. 1958ರದ್ದು. ಗಂಡಭೇರುಂಡದ ಮುದ್ರೆ, ಟೈಪು ಮಾಡಿದ ಇಂಗ್ಲಿಷು, ಕೆಳಗೆ ನೇರಳೆ ಶಾಯಿಯ ಸಹಿ. ಮೈಸೂರು ಸರ್ಕಾರದ ಗುಮಾಸ್ತರಾಗಿ ಐವತ್ತೈದಕ್ಕೆ ನಿವೃತ್ತರಾದ ನನ್ನ ಅಜ್ಜ ತಮ್ಮ ಪೆನ್ಷನ್ನಿನ ಮೂರನೇ ಒಂದು ಭಾಗವನ್ನು 'ಕಮ್ಯೂಟ್' ಮಾಡಿಕೊಂಡ ಆದೇಶ ಅದು. ಅಂದರೆ, ಪ್ರತಿ ತಿಂಗಳು ಸಾಯುವವರೆಗೆ ಬರಬೇಕಾದ ಹಣದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟು ಅದರ ಬದಲು ಇಡಿಗಂಟನ್ನು ಆಗಲೇ ಪಡೆದುಕೊಂಡಿದ್ದರು. ಆ ದುಡ್ಡಿನಲ್ಲಿ ಸೋದರತ್ತೆಯ ಮದುವೆ ಆಯಿತು, ಉಳಿದದ್ದರಲ್ಲಿ ನಡುಮನೆಯ ಹೆಂಚು ಇಳಿಸಿ ಆರ್‌ಸಿಸಿ ತಾರಸಿ ಹಾಕಿಸಿದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ. ಈಗ ಕಳಚಿ ಬೀಳುತ್ತಿರುವುದು ಅದೇ ತಾರಸಿ.

ಕಮ್ಯುಟೇಶನ್ ಕೇಳಿದವರನ್ನು ಆಗ ಸರ್ಕಾರಿ ವೈದ್ಯರ ಮುಂದೆ ನಿಲ್ಲಿಸುತ್ತಿದ್ದರು. ಮನುಷ್ಯ ಗಟ್ಟಿಮುಟ್ಟಾಗಿದ್ದಾನೋ, ಸರ್ಕಾರ ಕೊಡುವ ಇಡಿಗಂಟು ವಸೂಲಾಗುವವರೆಗೆ ಬದುಕಬಲ್ಲನೋ ಎಂದು ನೋಡಲು. "ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದ್ದು ನನ್ನ ಬಡಿತ ಅಲ್ಲ ಕಣೋ, ಖಜಾನೆ ಬಡಿತ" ಎಂದು ಅಜ್ಜ ನಗುತ್ತಿದ್ದರಂತೆ. ಸರ್ಕಾರದ ಅಂದಾಜನ್ನು ಮೀರಿ ಬಾಳಿದರು. ತೀರಿಕೊಂಡಿದ್ದು 1984ರಲ್ಲಿ. ಇಪ್ಪತ್ತಾರು ವರ್ಷವೂ ಕತ್ತರಿಸಿದ ಪೆನ್ಷನ್ನೇ ಬಂತು. ಎರಡು ವರ್ಷ ಕಳೆದ ಮೇಲೆ, 1986ರ ಡಿಸೆಂಬರ್‌ನಲ್ಲಿ, 'ಕಾಮನ್ ಕಾಸ್' ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರದ ನಿವೃತ್ತರಿಗೆ ಹದಿನೈದು ವರ್ಷಗಳ ನಂತರ ಕಮ್ಯೂಟ್ ಮಾಡಿದ ಭಾಗವನ್ನು ಮರಳಿ ಕೊಡಬೇಕೆಂದಿತು. ಮುಂದೆ ಆ ಪದ್ಧತಿ ರಾಜ್ಯದ ನೌಕರರಿಗೂ ಬಂತು. ಲೆಕ್ಕ ಹೀಗಿದೆ: ಆರನೇ ವೇತನ ಆಯೋಗದ ನಂತರದ ಕೇಂದ್ರದ ಕೋಷ್ಟಕದಲ್ಲಿ, ಅರವತ್ತಕ್ಕೆ ನಿವೃತ್ತರಾದವರು ತಿಂಗಳಿಗೆ ಸಾವಿರ ರೂಪಾಯಿ ಬಿಟ್ಟುಕೊಟ್ಟರೆ ಕೈಗೆ ಬರುವುದು 98,328 ರೂಪಾಯಿ. ಹದಿನೈದು ವರ್ಷದಲ್ಲಿ ಕಳೆದುಕೊಳ್ಳುವುದು 1,80,000. ಸಾಹುಕಾರನ ಬಡ್ಡಿಗಿಂತ ಇದು ಕಡಿಮೆಯೇ. ಆದರೆ ಸಾಲವಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಜ್ಜ ತಮ್ಮ ಮುಪ್ಪಿನಿಂದಲೇ ಸಾಲ ತೆಗೆದಿದ್ದರು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪ್ಲೇಗಿನಿಂದ ಶುರು ಮಾಡುತ್ತಾರೆ. 1898ರ ಪ್ಲೇಗಿನ ನಂತರ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳಿಂದ ಈ ಬಡಾವಣೆಗಳು ತುಂಬಿಕೊಂಡಿದ್ದು ನಿಜ. ಆದರೆ ಆ ಅಗಲ ರಸ್ತೆಯ ಮನೆಗಳಲ್ಲಿ ದಶಕಗಟ್ಟಲೆ ಒಲೆ ಉರಿಸಿದ್ದರಲ್ಲಿ ತಿಂಗಳ ಸಂಬಳದ ಪಾಲು ದೊಡ್ಡದು, ಆಮೇಲೆ ತಿಂಗಳ ಪೆನ್ಷನ್ನಿನದು. ಬೆಂಗಳೂರಿಗೆ ಪೆನ್ಷನ್‌ದಾರರ ಸ್ವರ್ಗ ಎಂಬ ಹೆಸರು ಬಂದದ್ದು ಬರೀ ಹವೆಯಿಂದ ಅಲ್ಲ. ಬ್ಯೂಗಲ್ ರಾಕ್‌ನ ಸಂಜೆಯ ಕಟ್ಟೆಗಳು, ಗಾಂಧಿ ಬಜಾರಿನ ಕಾಫಿ, ಕ್ಲಬ್ಬಿನ ಇಸ್ಪೀಟು, ಗ್ರಂಥಾಲಯದ ಪೇಪರು, ಇವೆಲ್ಲದರ ಹಿಂದೆ ತಿಂಗಳಿಗೊಮ್ಮೆ ಖಜಾನೆಯಿಂದ ಬರುವ ಒಂದು ಸಣ್ಣ, ತಪ್ಪದ ಮೊತ್ತ ಇತ್ತು.

ನಾವು ಸಾಹಿತ್ಯದ ಜನ ಇದನ್ನು ಗಮನಿಸುವುದು ಕಡಿಮೆ. ಮಾಸ್ತಿಯವರನ್ನೇ ನೋಡಿ. ಹುಟ್ಟಿದ್ದು 1891. ಮೈಸೂರು ಸಿವಿಲ್ ಸರ್ವಿಸ್ ಸೇರಿದ್ದು 1914. ತಮಗೆ ಸಲ್ಲಬೇಕಾದ ಹುದ್ದೆ ಕಿರಿಯರೊಬ್ಬರಿಗೆ ಹೋಯಿತೆಂದು ಅವಧಿಗೆ ಮುಂಚೆಯೇ 1943ರಲ್ಲಿ ಕೆಲಸ ಬಿಟ್ಟರು. ತೀರಿಕೊಂಡಿದ್ದು 1986ರಲ್ಲಿ, ತಮ್ಮ ಹುಟ್ಟುಹಬ್ಬದ ದಿನ. ಇಪ್ಪತ್ತೊಂಬತ್ತು ವರ್ಷ ನೌಕರಿ, ನಲವತ್ಮೂರು ವರ್ಷ ನಿವೃತ್ತಿ! 'ಜೀವನ' ಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದ್ದು, 'ಚಿಕವೀರ ರಾಜೇಂದ್ರ' ಬರೆದದ್ದು ಎಲ್ಲ ಈ ನಲವತ್ಮೂರರಲ್ಲಿ. ಗವಿಪುರದ ಆ ಮನೆಯ ಮುಂದೆ ಹಾದುಹೋದಾಗಲೆಲ್ಲ ಕನ್ನಡ ಕಾದಂಬರಿಗೆ ಖಜಾನೆಯ ಋಣ ಎಷ್ಟಿರಬಹುದೆಂದು ಯೋಚಿಸುತ್ತೇನೆ. ಡಿವಿಜಿಯವರದು ಬೇರೆ ದಾರಿ. ಪತ್ರಕರ್ತನಿಗೆಲ್ಲಿಯ ಪೆನ್ಷನ್? 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನಿಸಿ ಕೊಟ್ಟ ಹಣವನ್ನು, ಎಂಬತ್ತು ದಾಟಿದ ಆ ಮುದುಕರು ಹಾಗೆ ಹಾಗೆಯೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಅದು ನಮ್ಮಂಥವರು ಮಾಡಬಹುದಾದ ಕೆಲಸವಲ್ಲ. ಹೇಳಿ ಬಿಡುತ್ತೇನೆ.

ಮಾಸ್ತಿ ಹುಟ್ಟಿದ 1891ರಲ್ಲೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವವಿಮೆ ಆರಂಭಿಸಿತು. ಇವತ್ತು ಸರ್ಕಾರಿ ನೌಕರರು ಕೆಜಿಐಡಿ ಎನ್ನುತ್ತಾರಲ್ಲ, ಅದರ ಮೂಲ ಅದು. ಕಡ್ಡಾಯ ವಿಮೆ, ಸಂಬಳದಲ್ಲೇ ಮುರಿದುಕೊಳ್ಳುವುದು. ಅದರ ಬೆಲೆ ಅರ್ಥವಾಗಬೇಕಾದರೆ ಒಂದು ಸಂಗತಿ ನೆನಪಿಡಬೇಕು. ಆ ಕಾಲದ ಪೆನ್ಷನ್ ಮನುಷ್ಯನ ಉಸಿರಿನ ಜೊತೆಗೇ ನಿಲ್ಲುತ್ತಿತ್ತು. ಶಿರಸ್ತೇದಾರ ಸತ್ತರೆ ಅವನ ಹೆಂಡತಿಗೆ ಮಾರನೆಯ ತಿಂಗಳಿಂದ ಖಜಾನೆಯ ಬಾಗಿಲು ಇಲ್ಲ. ಕೇಂದ್ರದ ನೌಕರರಿಗೆ ಈಗಿನ ರೂಪದ ಕುಟುಂಬ ಪಿಂಚಣಿ ಯೋಜನೆ ಬಂದದ್ದು 1964ರಲ್ಲಿ. ಅಲ್ಲಿಯವರೆಗೆ ಬಸವನಗುಡಿಯ ಎಷ್ಟೋ ಮನೆಗಳ ಹಿತ್ತಲ ಕೋಣೆಗಳಲ್ಲಿ ಹಪ್ಪಳ ಒತ್ತಿ, ಹುಡುಗರಿಗೆ ಊಟ ಹಾಕಿ ಬದುಕಿದ ಅಜ್ಜಿಯರು, ಒಂದು ಕಾಲದಲ್ಲಿ ಪೆನ್ಷನ್‌ದಾರರ ಹೆಂಡಿರೇ.

ಹೀಗೆ ಗಂಟಿಗೆ ಮುಂಚಿತವಾಗಿ ಕೈ ಹಾಕುತ್ತಾರೆಂಬುದು ಸರ್ಕಾರಕ್ಕೂ ಗೊತ್ತಿತ್ತು. 1871ರ ಪಿಂಚಣಿ ಕಾಯಿದೆಯನ್ನು ತೆರೆದು ನೋಡಿ. ಸಾಲಗಾರನ ಕೋರಿಕೆಯ ಮೇಲೆ ನ್ಯಾಯಾಲಯ ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ. ಮುಂದೆ ಬರಬೇಕಾದ ಪಿಂಚಣಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೆ ಆ ಪತ್ರ ಅಸಿಂಧು. 1925ರ ಭವಿಷ್ಯ ನಿಧಿ ಕಾಯಿದೆಯೂ ಕಡ್ಡಾಯ ಠೇವಣಿಗೆ ಅದೇ ರಕ್ಷಣೆ ಕೊಟ್ಟಿತು. ಇಂಥ ಕಲಮುಗಳನ್ನು ಯಾರೂ ಸುಮ್ಮನೆ ಬರೆಯುವುದಿಲ್ಲ. ಮೊದಲನೇ ತಾರೀಖು ಪೆನ್ಷನ್ ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವ ಸಾಹುಕಾರನನ್ನು ನೋಡಿಯೇ ಬರೆದಿದ್ದಾರೆ. ಸಾಹುಕಾರನಿಗೆ ಮುಚ್ಚಿದ ಬಾಗಿಲನ್ನು ಸರ್ಕಾರ ತನಗೆ ಮಾತ್ರ ತೆರೆದಿಟ್ಟುಕೊಂಡಿತು. ಆ ಕಿಂಡಿಯ ಹೆಸರು ಕಮ್ಯುಟೇಶನ್. ಅದರ ಮೂಲಕ ಮದುವೆ, ತಾರಸಿ, ಮಗನ ಇಂಜಿನಿಯರಿಂಗು ಎಲ್ಲ ನಡೆದವು. ಅದನ್ನು ಯಾರೂ ದುಂದು ಎನ್ನಲಿಲ್ಲ.

ನಮ್ಮ ಮನೆಯಿಂದ ಬಿನ್ನಿ ಮಿಲ್ ಇದ್ದ ಜಾಗಕ್ಕೆ ನಡೆದೇ ಹೋಗಬಹುದು. ಈಗ ಅಲ್ಲಿ ಮಾಲೂ ಎತ್ತರದ ಅಪಾರ್ಟ್‌ಮೆಂಟುಗಳೂ ಇವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲೂ ಮಾಲೇ. ಈ ಮಿಲ್ಲುಗಳ ಕಾರ್ಮಿಕರಿಗೆ ಖಜಾನೆಯ ಪೆನ್ಷನ್ ಇರಲಿಲ್ಲ. ಅಂಥವರಿಗಾಗಿ ಬಂದದ್ದು 1952ರ ನೌಕರರ ಭವಿಷ್ಯ ನಿಧಿ ಕಾಯಿದೆ. ಮೊದಲಿಗೆ ಆರೇ ಕೈಗಾರಿಕೆ, ಅವುಗಳಲ್ಲಿ ಜವಳಿ ಒಂದು. ಐವತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳು, ಸಂಬಳದ ನೂರಕ್ಕೆ ಆರೂಕಾಲು ಪಾಲು. ತಿಂಗಳ ಪಿಂಚಣಿ ಅದಕ್ಕೆ ಸರಿಯಾಗಿ ಸೇರಿಕೊಂಡದ್ದು ತುಂಬ ತಡವಾಗಿ, 1995ರ ನವೆಂಬರ್‌ನಲ್ಲಿ. ನೂರಕ್ಕೆ ಹನ್ನೆರಡರಂತೆ ಮಾಲೀಕ ಕಟ್ಟುವ ಹಣದಲ್ಲಿ 8.33ರಷ್ಟು ಪಿಂಚಣಿಗೆ ಹೋಗುತ್ತದೆ, 3.67ರಷ್ಟು ಪಿಎಫ್‌ಗೆ. ಈ 3.67ನ್ನು ನೆನಪಿಟ್ಟುಕೊಳ್ಳಿ.

2016 ಪಿಎಫ್‌ನ ವರ್ಷ. ಆ ವರ್ಷದ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ, ಹಿಂಪಡೆಯುವ ಪಿಎಫ್ ಮೊತ್ತದ ಒಂದು ಭಾಗಕ್ಕೆ ತೆರಿಗೆ ಹಾಕುವ ಪ್ರಸ್ತಾಪ ತಂದು, ಗದ್ದಲವೆದ್ದ ಮೇಲೆ ಮಾರ್ಚ್ 8ರಂದು ಕೈಬಿಟ್ಟಿತು. ಗದ್ದಲ ಮಾಡಿದ್ದು ನಮ್ಮಂಥವರು, ಟಿವಿಯಲ್ಲಿ, ಪತ್ರಿಕೆಯಲ್ಲಿ. ಆದರೆ ಫೆಬ್ರುವರಿ 10ರ ಇನ್ನೊಂದು ಅಧಿಸೂಚನೆಯನ್ನು ನಾವು ಓದಿಯೂ ಇರಲಿಲ್ಲ. ಕೆಲಸ ಬಿಟ್ಟವರು ತಮ್ಮ ಪಾಲು ಮತ್ತು ಅದರ ಬಡ್ಡಿಯನ್ನು ಮಾತ್ರ ತೆಗೆಯಬಹುದು, ಮಾಲೀಕನ ಪಾಲಿನ ಪಿಎಫ್, ಅಂದರೆ ಆ 3.67, ಐವತ್ತೆಂಟು ತುಂಬುವವರೆಗೆ ಸಿಗದು ಎಂದಿತ್ತು ಅದು.

ಓದಿದವರು ಗಾರ್ಮೆಂಟ್ ಹೆಣ್ಣುಮಕ್ಕಳು. ಏಪ್ರಿಲ್ 18ರ ಸೋಮವಾರ ಬೆಂಗಳೂರಿನ ಬಟ್ಟೆ ಕಾರ್ಖಾನೆಗಳಿಂದ ಸಾವಿರಾರು ಜನ ಹೊರಬಂದು ಹೊಸೂರು ರಸ್ತೆಯಲ್ಲಿ ಕುಳಿತರು. ಮಾರನೆಯ ದಿನ ಅದು ಪೀಣ್ಯ, ತುಮಕೂರು ರಸ್ತೆಗಳಿಗೂ ಹಬ್ಬಿತು. ಊರು ನಿಂತುಹೋಯಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಬಸ್ಸುಗಳಿಗೆ ಬೆಂಕಿ ಬಿತ್ತು. ಕರೆ ಕೊಟ್ಟ ದೊಡ್ಡ ನಾಯಕ ಎಂಬವರು ಯಾರೂ ಕಾಣಲಿಲ್ಲ. 19ರ ಸಂಜೆಯ ಹೊತ್ತಿಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ವಾಪಸು ಪಡೆದಿರುವುದಾಗಿ ಹೇಳಿದರು. ಎರಡೇ ದಿನದಲ್ಲಿ, ದೆಹಲಿಯ ನಿಯಮವೊಂದನ್ನು ಬೆಂಗಳೂರಿನ ಟೈಲರುಗಳು ಇಡೀ ದೇಶಕ್ಕಾಗಿ ಅಳಿಸಿಹಾಕಿದ್ದರು. ಈ ನಗರದ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ನಡೆದ ಮಾತು ನನಗೆ ನೆನಪಿದೆ. "ಅವರ ಒಳ್ಳೇದಕ್ಕೇ ತಾನೇ ಸರ್ಕಾರ ಇಟ್ಕೋತಿರೋದು? ಈಗ ತಿಂದುಬಿಟ್ರೆ ಮುದುಕರಾದ ಮೇಲೆ ಏನ್ ಮಾಡ್ತಾರೆ?" ಹೇಳಿದ್ದು ಇನ್ನೊಬ್ಬರಲ್ಲ, ನಾನೇ. ಸುತ್ತ ಕುಳಿತಿದ್ದವರು ತಲೆಯಾಡಿಸಿದರು. ನಮ್ಮಲ್ಲಿ ಅರ್ಧ ಜನರ ಅಪ್ಪಂದಿರು ಕಮ್ಯುಟೇಶನ್ ದುಡ್ಡಿನಲ್ಲಿ ಮನೆ ಕಟ್ಟಿದವರು.

ಐವತ್ತೆಂಟು ಎಂಬ ಸಂಖ್ಯೆ ಗಾರ್ಮೆಂಟಿನಲ್ಲಿ ಏನೆಂದು ನನಗೆ ಆಗ ತಿಳಿದಿರಲಿಲ್ಲ. ಹತ್ತಿಪ್ಪತ್ತು ವರ್ಷ ಮಷೀನಿನ ಮುಂದೆ ಕುಳಿತು, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿನ ಕೆಳಗೆ ದುಡಿದವರ ಬೆನ್ನು, ಕಣ್ಣು ಐವತ್ತೆಂಟರವರೆಗೆ ತಡೆಯುವುದು ಅಪರೂಪ. ಬಹಳ ಮಂದಿ ಕೆಲವು ವರ್ಷಕ್ಕೊಮ್ಮೆ ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಕೈಸಾಲ ತೀರಿಸಿ, ಮಕ್ಕಳ ಫೀಸು ಕಟ್ಟಿ, ಮತ್ತೆ ಇನ್ನೊಂದು ಕಾರ್ಖಾನೆಗೆ ಸೇರುತ್ತಿದ್ದರು. ಹೀಗೆ ಬಿಟ್ಟು ಸೇರುವಾಗ ಐದು ವರ್ಷದ ಗ್ರಾಚ್ಯುಟಿಯೂ ತಪ್ಪಬಹುದು. ತೆಗೆದುಕೊಂಡ ಪಿಂಚಣಿ ಹಣದ ಜೊತೆಗೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಲೆಕ್ಕವೂ ಸೊನ್ನೆಗೆ ಬರುತ್ತದೆ. ನಷ್ಟ ಅವರಿಗೆ ತಿಳಿಯದ್ದೇನಲ್ಲ. ಮೀಟರ್ ಬಡ್ಡಿಯ ಸಾಲವನ್ನೂ ಐವತ್ತೆಂಟರ ಪಿಂಚಣಿಯನ್ನೂ ತಕ್ಕಡಿಗೆ ಹಾಕಿದರೆ ಯಾವುದು ಭಾರವೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಪಿಂಚಣಿಯಾದರೂ ಎಷ್ಟು? ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000. ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸುತ್ತಾರೆ. ಆ ಮಿತಿಯ ಸಂಬಳದಲ್ಲಿ ಮೂವತ್ತೈದು ವರ್ಷ ದುಡಿದರೆ 7,500. ಕನಿಷ್ಠ ಪಿಂಚಣಿ 1,000. ಆ ಸಾವಿರಕ್ಕೆ ಐವತ್ತೆಂಟರವರೆಗೆ ಕಾಯಿರಿ ಎಂದು ನಾನು ಉಪದೇಶ ಮಾಡಿದ್ದೆ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬೀಗ ನಮ್ಮ ಕಡೆಯ ಬಾಗಿಲಿಗೇ ಬಿತ್ತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬಸವನಗುಡಿಯ ನೆಟ್ಟಕಲ್ಲಪ್ಪ ಸರ್ಕಲ್ ಬಳಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಠೇವಣಿ ಎಷ್ಟೇ ಇರಲಿ, ತೆಗೆಯಬಹುದಾದದ್ದು 35,000 ರೂಪಾಯಿ. ಠೇವಣಿದಾರರಲ್ಲಿ ಬಹಳ ಮಂದಿ ಹಿರಿಯರು. ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿ, ಕಮ್ಯುಟೇಶನ್, ಪಿಎಫ್ ಎಲ್ಲವನ್ನೂ ಒಂದೂವರೆ ಎರಡು ಬಡ್ಡಿ ಹೆಚ್ಚು ಬರುತ್ತದೆಂದು, ಹತ್ತಿರದ ಬ್ಯಾಂಕೆಂದು, ಗುರುಗಳ ಹೆಸರೆಂದು ತಂದು ಇಟ್ಟವರು. ಬಾಗಿಲಲ್ಲಿ ಸ್ವೆಟರು, ಮಫ್ಲರು, ಕೈಚೀಲದ ಸಾಲು. ಯಾರೂ ಕಲ್ಲು ಹೊಡೆಯಲಿಲ್ಲ, ರಸ್ತೆ ತಡೆಯಲಿಲ್ಲ. ಮನವಿ ಬರೆದರು, ಸಭೆ ಸೇರಿದರು, ಕಾದರು.

ಆ ಜನವರಿಯಲ್ಲಿ ಠೇವಣಿ ವಿಮೆಯ ಮಿತಿ ಒಂದು ಲಕ್ಷ. 1993ರಿಂದ ಅಷ್ಟೇ ಇತ್ತು, ಇಪ್ಪತ್ತಾರು ವರ್ಷ! ಫೆಬ್ರುವರಿ 4ರಂದು ಅದನ್ನು ಐದು ಲಕ್ಷಕ್ಕೆ ಏರಿಸಿದರು. ಆದರೆ ಬ್ಯಾಂಕು ಪೂರ್ತಿ ಮುಚ್ಚಿ ಸಮಾಪನೆಗೊಂಡರೆ ಮಾತ್ರ ಆ ಹಣ ಸಿಗುವ ಕ್ರಮವಿತ್ತು. ನಿರ್ಬಂಧದಲ್ಲಿ ಅರ್ಧ ಉಸಿರಾಡುತ್ತಿರುವ ಬ್ಯಾಂಕಿನ ಠೇವಣಿದಾರರಿಗೆ ಏನೂ ಇಲ್ಲ. 2021ರ ತಿದ್ದುಪಡಿ, ಅಂಥವರಿಗೂ 90 ದಿನದೊಳಗೆ ಐದು ಲಕ್ಷದವರೆಗೆ ಕೊಡಬೇಕೆಂದಿತು. ಅದಕ್ಕಿಂತ ಹೆಚ್ಚು ಇಟ್ಟವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೋವಿಡ್ ಬಂದದ್ದೂ ಅದೇ ಕಾಲಕ್ಕೆ. ಆಸ್ಪತ್ರೆಯ ಬಿಲ್ಲಿಗೆ ತಮ್ಮದೇ ದುಡ್ಡನ್ನು ಬೇಡುವ ಸ್ಥಿತಿ ಎಂಬತ್ತರ ಹಿರಿಯರಿಗೆ ಬಂತು.

ಹೊಸೂರು ರಸ್ತೆಯ ಹೆಣ್ಣುಮಕ್ಕಳು ಕೇಳಿದ್ದೂ ನೆಟ್ಟಕಲ್ಲಪ್ಪ ಸರ್ಕಲ್ಲಿನ ಅಜ್ಜಂದಿರು ಕೇಳಿದ್ದೂ ಒಂದೇ ಮಾತು: ನಮ್ಮ ದುಡ್ಡು ನಮಗೆ ಬೇಕಾದಾಗ ಕೊಡಿ. ಮೊದಲನೆಯವರನ್ನು ನಾವು ಗಲಭೆಕೋರರು ಎಂದೆವು, ಎರಡನೆಯವರನ್ನು ಸಂತ್ರಸ್ತರು.

ಸರ್ಕಾರಿ ನೌಕರಿಯ ಗಂಟೂ ಈಗ ಹಳೆಯದಲ್ಲ. 1982ರ ಡಿಸೆಂಬರ್ 17ರ ನಕಾರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಎಂಬುದು ದಯೆಯ ಕೊಡುಗೆಯಲ್ಲ, ದುಡಿದವರ ಹಕ್ಕು ಎಂದಿತ್ತು. ಆ ದಿನವನ್ನು ನಿವೃತ್ತರು ಈಗಲೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಆದರೆ ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಆ ಪಿಂಚಣಿಯೇ ಇಲ್ಲ, ಎನ್‌ಪಿಎಸ್. ಸಂಬಳದಲ್ಲಿ ನೂರಕ್ಕೆ ಹತ್ತು ಕಟ್ಟಬೇಕು, ಮಾರುಕಟ್ಟೆ ಕೊಟ್ಟಷ್ಟು ಪಡೆಯಬೇಕು. 2022ರ ಡಿಸೆಂಬರ್‌ನಲ್ಲಿ ಫ್ರೀಡಂ ಪಾರ್ಕಿನಲ್ಲಿ ಅವರು ದಿನಗಟ್ಟಲೆ ಕುಳಿತರು. ಹೈಸ್ಕೂಲು ಮೇಷ್ಟ್ರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿದ್ದ. "ನಿಮ್ಮ ತಾತನಿಗೆ ಕಮ್ಯೂಟ್ ಮಾಡೋಕಾದ್ರೂ ಏನೋ ಇತ್ತಲ್ಲ ಸಾರ್" ಎಂದ.

ನಾನು ಫಾರಂ ತುಂಬಿದ ಎರಡು ತಿಂಗಳಿಗೆ, 2025ರ ಅಕ್ಟೋಬರ್ 13ರಂದು, ಪಿಎಫ್‌ನ ಕೇಂದ್ರ ಮಂಡಳಿ ಮತ್ತೆ ನಿಯಮ ಬದಲಿಸುವ ತೀರ್ಮಾನ ಮಾಡಿತು. ಮುಂಗಡಕ್ಕಿದ್ದ ಹದಿಮೂರು ಬಗೆಯ ಕಾರಣಗಳನ್ನು ಮೂರಕ್ಕಿಳಿಸಿ ಸಲೀಸು ಮಾಡಿದರು. ಜೊತೆಗೆ ನಾಲ್ಕನೇ ಒಂದು ಭಾಗ ಖಾತೆಯಲ್ಲಿ ಉಳಿಯಲೇಬೇಕು, ಕೆಲಸ ಕಳೆದುಕೊಂಡವರು ಪೂರ್ತಿ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು, ಪಿಂಚಣಿ ಹಣಕ್ಕೆ ಮೂವತ್ತಾರು ತಿಂಗಳು ಕಾಯಬೇಕು ಎಂದರು. ಈ ಸಲ ರಸ್ತೆಯಲ್ಲಿ ಯಾರೂ ಕೂರಲಿಲ್ಲ. ಮುಕ್ಕಾಲು ಭಾಗ ತಕ್ಷಣ ಸಿಗುತ್ತದಲ್ಲ ಎಂಬ ಸಮಾಧಾನವೂ ಇತ್ತು. ಸುದ್ದಿ ಓದಿದಾಗ ನನಗೆ ಮೊದಲು ಬಂದ ಭಾವ, ಸದ್ಯ ನನ್ನದು ಆಗಲೇ ಬಂತಲ್ಲ ಎಂಬುದು. ಎರಡನೆಯದು ನಾಚಿಕೆ. ಆ ನಾಲ್ಕನೇ ಒಂದು ಭಾಗದ ಬೀಗ ಸರಿಯೋ ತಪ್ಪೋ ಎಂದು ಇವತ್ತು ಸ್ಟಾಫ್ ರೂಮಿನಲ್ಲಿ ಕೇಳಿದರೆ ಒಂದೇ ಮಾತಿನ ಉತ್ತರ ನನ್ನ ಬಾಯಿಂದ ಬರಲಾರದು.

ನನ್ನ ಪಿಂಚಣಿಯ ಲೆಕ್ಕವನ್ನೂ ಹಾಕಿದ್ದೇನೆ. 2032ಕ್ಕೆ ನಿವೃತ್ತಿಯಾದಾಗ ತಿಂಗಳಿಗೆ ಐದು ಸಾವಿರ ಚಿಲ್ಲರೆ. ಇವತ್ತಿನ ಬೆಲೆಯಲ್ಲಿ ಅದು ಔಷಧಿ, ಕರೆಂಟು, ಹಾಲು. ಉಳಿದದ್ದಕ್ಕೆ ಆಸರೆಯಾಗಬೇಕಿದ್ದ ಗಂಟಿನ ಒಂದು ಪಾಲು ಈಗ ತಲೆಯ ಮೇಲಿದೆ, ಹೊಸ ಕಂಬಿ, ಹೊಸ ಗಾರೆಯಾಗಿ. ಅಜ್ಜನ ಆದೇಶಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ನನ್ನ ಪಿಎಫ್ ಪಾಸ್‌ಬುಕ್ಕಿನ ಪ್ರಿಂಟಿನ ಜೊತೆ ಅದೇ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮೇಸ್ತ್ರಿಗೆ ಇನ್ನೂ ಎಂಟು ಸಾವಿರ ಕೊಡುವುದಿದೆ.